ಮನರಂಜನೆಯ ಚಂದಾಗಳು: ಸಣ್ಣ ಮೊತ್ತಗಳ ದೊಡ್ಡ ಲೆಕ್ಕ

ವರ್ಷಾಂತ್ಯದ ಲೆಕ್ಕಪತ್ರ ಪರಿಶೀಲನೆಗಾಗಿ ಮಲ್ಲಿಪಟ್ಟಣದ ವರ್ತಕರೊಬ್ಬರು ತಮ್ಮ ಅಂಗಡಿಯ ಚಾಲ್ತಿ ಖಾತೆಯ ಬ್ಯಾಂಕ್ ವಿವರಪಟ್ಟಿಯನ್ನು ತಂದಿದ್ದರು. ಸರಕು ಖರೀದಿ, ಲಾರಿ ಬಾಡಿಗೆ, ವಿದ್ಯುತ್ ಬಿಲ್ಲುಗಳ ನಡುವೆ 149, 199, 299 ರೂಪಾಯಿಗಳ ಕಡಿತಗಳು ಪ್ರತಿ ತಿಂಗಳೂ ಕಂಡುಬಂದವು. ವಿಚಾರಿಸಲಾಗಿ, "ಮನೆಯಲ್ಲಿ ಮಕ್ಕಳು ಸಿನಿಮಾ ನೋಡಲು ಹಾಕಿಸಿಕೊಂಡಿದ್ದು ಸ್ವಾಮಿ, ಎಷ್ಟಿವೆಯೋ ನನಗೂ ತಿಳಿಯದು" ಎಂದರು. ಒಂದೊಂದು ರೂಪಾಯಿಗೂ ಚೌಕಾಸಿ ಮಾಡುವ ವರ್ತಕರ ಬಾಯಲ್ಲಿ ಈ ಮಾತು ಬಂದುದರಿಂದ ವಿಷಯವನ್ನು ಸದಸ್ಯರ ಗಮನಕ್ಕೆ ತರುವುದು ಉಚಿತವೆನಿಸಿತು.

ಒಂದು ಬಿಲ್ಲಿನಿಂದ ಹಲವು ಚಂದಾಗಳಿಗೆ

ಹಿಂದೆ ಕೇಬಲ್‌ನವರಿಗೆ ತಿಂಗಳಿಗೊಮ್ಮೆ ಹಣ ಕೊಟ್ಟರೆ ಮುಗಿಯುತ್ತಿತ್ತು. 2019ರಲ್ಲಿ ಟ್ರಾಯ್ ಹೊಸ ದರ ವ್ಯವಸ್ಥೆಯನ್ನು ಜಾರಿಗೆ ತಂದಾಗ 100 ವಾಹಿನಿಗಳಿಗೆ ತೆರಿಗೆ ಬಿಟ್ಟು 130 ರೂಪಾಯಿಗಳ ಮಿತಿ ನಿಗದಿಯಾಗಿ, ಪಾವತಿ ವಾಹಿನಿಗಳ ಬೆಲೆ ಪ್ರತ್ಯೇಕವಾಯಿತು. ಆಗಲೂ ಗೊಂದಲವಿತ್ತು, ಆದರೆ ಬಿಲ್ಲು ಒಂದೇ ಆಗಿತ್ತು.

ಅಂತರಜಾಲದ ಮೂಲಕ ಚಿತ್ರ ತೋರಿಸುವ ಓಟಿಟಿ ಸಂಸ್ಥೆಗಳ ವಿಷಯ ಹಾಗಲ್ಲ. 2022ನೇ ಇಸವಿಯ ಕನ್ನಡ ಚಿತ್ರಗಳನ್ನೇ ನೋಡೋಣ. '777 ಚಾರ್ಲಿ' ವೂಟ್ ಸೆಲೆಕ್ಟ್‌ನಲ್ಲಿ, 'ವಿಕ್ರಾಂತ್ ರೋಣ' ಜೀ5ರಲ್ಲಿ, 'ಕಾಂತಾರ' ಅಮೆಜಾನ್ ಪ್ರೈಮ್‌ನಲ್ಲಿ ಬಂದವು. ಒಂದೇ ವರ್ಷದ, ಒಂದೇ ಭಾಷೆಯ ಮೂರು ಚಿತ್ರಗಳಿಗೆ ಮೂರು ಬಾಗಿಲುಗಳು. ಕಾರಣ ಸರಳವಾದುದು. ನಿರ್ಮಾಪಕರು ಪ್ರಸಾರದ ಹಕ್ಕನ್ನು ಸಾಮಾನ್ಯವಾಗಿ ಒಂದೇ ಸಂಸ್ಥೆಗೆ ಮಾರುತ್ತಾರೆ. "ಇದು ನಮ್ಮಲ್ಲಿ ಮಾತ್ರ" ಎಂಬುದೇ ಆ ಸಂಸ್ಥೆಯ ಬಂಡವಾಳ.

ಕೊಂಡ ಮೇಲೂ ಷರತ್ತುಗಳು ಸ್ಥಿರವಾಗಿರುವುದಿಲ್ಲ. ಅಮೆಜಾನ್ ಪ್ರೈಮ್‌ನ ವಾರ್ಷಿಕ ಶುಲ್ಕ 2021ರ ಡಿಸೆಂಬರ್‌ನಲ್ಲಿ 999ರಿಂದ 1,499 ರೂಪಾಯಿಗೆ ಏರಿತು. 2025ರ ಜೂನ್‌ನಿಂದ ಅದರ ಚಿತ್ರಗಳ ನಡುವೆ ಜಾಹೀರಾತು ಬಂದಿತು, ಅದು ಬೇಡವೆಂದವರಿಗೆ ಹೆಚ್ಚುವರಿ ಶುಲ್ಕ ವಿಧಿಸಲಾಯಿತು. 2023ರ ಜುಲೈನಲ್ಲಿ ನೆಟ್‌ಫ್ಲಿಕ್ಸ್, ಒಂದು ಖಾತೆಯನ್ನು ಒಂದೇ ಮನೆಯವರು ಬಳಸಬೇಕೆಂಬ ನಿಯಮವನ್ನು ನಮ್ಮ ದೇಶದಲ್ಲಿ ಜಾರಿಗೊಳಿಸಿತು. ವೂಟ್ 2023ರಲ್ಲಿ ಜಿಯೋಸಿನಿಮಾದೊಳಗೆ ಸೇರಿತು. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಮತ್ತು ಹಾಟ್‌ಸ್ಟಾರ್ ಕೂಡಿ ಜಿಯೋಹಾಟ್‌ಸ್ಟಾರ್ ಆಯಿತು.

ವಾರ್ಷಿಕ ಲೆಕ್ಕ

ಉದಾಹರಣೆಗೆ, ಒಂದು ಮನೆಯಲ್ಲಿ ತಿಂಗಳಿಗೆ 200 ರೂಪಾಯಿಗಳ ಮೂರು ಚಂದಾಗಳೂ ವರ್ಷಕ್ಕೆ 1,500 ರೂಪಾಯಿಗಳ ಎರಡು ಚಂದಾಗಳೂ ಇವೆಯೆಂದು ಭಾವಿಸೋಣ. ಮೊದಲಿನವು ವರ್ಷಕ್ಕೆ 7,200, ಎರಡನೆಯವು 3,000. ಒಟ್ಟು 10,200 ರೂಪಾಯಿಗಳು. ಇಷ್ಟು ಹಣವನ್ನು ಒಮ್ಮೆಗೇ ಎಣಿಸಿ ಕೊಡಬೇಕಾದರೆ ಯಾರೂ ಯೋಚಿಸದೆ ಕೊಡುವುದಿಲ್ಲ. ತಾನಾಗಿ ಕಡಿತವಾಗುವುದರಿಂದ ಯೋಚನೆಗೆ ಅವಕಾಶವೇ ಬರುವುದಿಲ್ಲ.

ತೆರಿಗೆಯ ದೃಷ್ಟಿಯಿಂದ

ಮನೆಯವರ ಮನರಂಜನೆ ವ್ಯಾಪಾರದ ಖರ್ಚಲ್ಲ. ಅಂಗಡಿಯ ಖಾತೆಯಿಂದ ಹಣ ಹೋಗಿದ್ದರೆ ಅದನ್ನು ಮಾಲೀಕರ ಸ್ವಂತ ಹಿಂತೆಗೆತವೆಂದು, ಅಂದರೆ ಡ್ರಾಯಿಂಗ್ಸ್ ಎಂದು ಬರೆಯತಕ್ಕದ್ದು; ಲಾಭ-ನಷ್ಟ ಖಾತೆಗೆ ಹಾಕಕೂಡದು. ಈ ಚಂದಾಗಳಿಗೆ ಶೇ. 18ರ ಜಿಎಸ್‌ಟಿ ಇರುವುದರಿಂದ ಹೂಡುವಳಿ ತೆರಿಗೆ ಜಮೆ ಪಡೆಯಬಹುದೇ ಎಂದು ಕೆಲವರು ಕೇಳುತ್ತಾರೆ. ಸ್ವಂತ ಬಳಕೆಯ ಸೇವೆಗೆ ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)ನೇ ಕಲಮು ಅದನ್ನು ನಿರ್ಬಂಧಿಸಿದೆ.

ಹೋಟೆಲು ನಡೆಸುವ ಸದಸ್ಯರಿಗೆ ಇನ್ನೊಂದು ಮಾತು. ಮನೆಯ ಚಂದಾ ಸಾಮಾನ್ಯವಾಗಿ ಖಾಸಗಿ ವೀಕ್ಷಣೆಗೆ ಮಾತ್ರ. ಅದರಿಂದ ಗ್ರಾಹಕರಿಗೆ ಕ್ರಿಕೆಟ್ ಪಂದ್ಯ ತೋರಿಸುವ ಮೊದಲು ಷರತ್ತುಗಳನ್ನು ಓದಿಕೊಳ್ಳುವುದು ಒಳಿತು.

ಗ್ರಾಹಕರಿಗಿರುವ ರಕ್ಷಣೆ

ರಿಸರ್ವ್ ಬ್ಯಾಂಕಿನ ನಿಯಮಗಳು 2021ರ ಅಕ್ಟೋಬರ್ 1ರಿಂದ ಪೂರ್ಣವಾಗಿ ಜಾರಿಗೆ ಬಂದವು. ಅವುಗಳ ಪ್ರಕಾರ ಇಂತಹ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಬರಬೇಕು. ಕಡಿತವನ್ನು ತಡೆಯಲು ಅಥವಾ ಒಪ್ಪಿಗೆಯನ್ನೇ ಹಿಂಪಡೆಯಲು ಅವಕಾಶವಿರಬೇಕು. ಆ ಸಂದೇಶವನ್ನು ಜಾಹೀರಾತೆಂದು ತಿಳಿದು ಅಳಿಸಿಹಾಕುವವರೇ ಹೆಚ್ಚು. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂತೆ ರೂಪಿಸಿದ ಚಂದಾ ಬಲೆಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನ ಮಾರ್ಗಸೂಚಿಗಳಲ್ಲಿ ನಿಷೇಧಿಸಿದೆ. ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಸದಸ್ಯರು ಅನುಸರಿಸಬಹುದಾದ ಕ್ರಮಗಳು

1. ಯುಪಿಐ ಆ್ಯಪ್‌ನ 'ಆಟೋಪೇ' ವಿಭಾಗ ಹಾಗೂ ಕಾರ್ಡುಗಳ ವಿವರಪಟ್ಟಿಯನ್ನು ನೋಡಿ, ಎಲ್ಲ ಚಂದಾಗಳನ್ನೂ ಒಂದು ಹಾಳೆಯಲ್ಲಿ ಬರೆಯಿರಿ.

2. ಅವೆಲ್ಲವನ್ನೂ ಅಂಗಡಿಯ ಖಾತೆಯಿಂದ ಬಿಡಿಸಿ, ಮನೆಯ ಉಳಿತಾಯ ಖಾತೆಯೊಂದಕ್ಕೆ ವರ್ಗಾಯಿಸಿ.

3. ಮೊಬೈಲ್ ಅಥವಾ ಬ್ರಾಡ್‌ಬ್ಯಾಂಡ್ ಯೋಜನೆಯ ಜೊತೆಗೇ ಯಾವ ಚಂದಾ ಬರುತ್ತದೆಂದು ವಿಚಾರಿಸಿ. ಒಂದೇ ಸೇವೆಗೆ ಎರಡು ಕಡೆ ಹಣ ಕೊಡುತ್ತಿರುವ ಮನೆಗಳುಂಟು.

4. ಒಂದು ಕಾಲಕ್ಕೆ ಒಂದೇ ಚಂದಾ ಇಟ್ಟುಕೊಳ್ಳಿ. ಬೇಕಾದುದನ್ನು ನೋಡಿ ಮುಗಿಸಿ, ಅದನ್ನು ನಿಲ್ಲಿಸಿ, ಮುಂದಿನದಕ್ಕೆ ಹೋಗಿ.

5. ಮೊಬೈಲಿನಿಂದ ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ರದ್ದಾಗುವುದಿಲ್ಲ. ಕಡಿತದ ಒಪ್ಪಿಗೆಯನ್ನೇ ರದ್ದುಗೊಳಿಸಬೇಕು.

ಮೇಲೆ ಹೇಳಿದ ವರ್ತಕರು ಮನೆಯವರನ್ನು ಕೂರಿಸಿಕೊಂಡು ಪಟ್ಟಿ ಮಾಡಿದರು. ಅದರಲ್ಲಿದ್ದ ಎರಡನ್ನು ಹಲವು ತಿಂಗಳುಗಳಿಂದ ಯಾರೂ ತೆರೆದೇ ಇರಲಿಲ್ಲ. ಅವುಗಳನ್ನು ರದ್ದುಮಾಡಿದ ಮೇಲೆ ಅವರು ನನಗೆ ಹೇಳಿದ್ದು ಇಷ್ಟೇ: "ನನ್ನ ಗಿರಾಕಿಗೆ ಬೇಡದ ಸಾಮಾನನ್ನು ನಾನು ಹೀಗೆ ಪ್ರತಿ ತಿಂಗಳೂ ಕಟ್ಟಿಕೊಟ್ಟಿದ್ದರೆ, ಅವನು ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ." ವ್ಯಾಪಾರದಲ್ಲಿರುವ ನಾವೆಲ್ಲರೂ ನೆನಪಿನಲ್ಲಿಡಬೇಕಾದ ಮಾತಿದು.