ಮನೆ ಮಾರೋ ಮುಂಚೆ ಬಣ್ಣ ಅಲ್ಲ, ಸೋರೋ ಜಾಗ ನೋಡಿ

ಸೀತೂರು: ಮಕ್ಕಳು ಬೆಂಗಳೂರು, ಶಿವಮೊಗ್ಗದಲ್ಲಿ ನೆಲೆ ನಿಂತಿದ್ದಾರೆ. ಊರಲ್ಲಿ ಉಳಿದ ಅಪ್ಪ, ಅಮ್ಮನಿಗೆ ವಯಸ್ಸಾಯ್ತು. ಕೊನೆಗೊಂದು ದಿನ ‘ಮನೆ ಕೊಟ್ಟುಬಿಡೋಣ’ ಅನ್ನೋ ಮಾತು ಬರುತ್ತದೆ. ಎನ್.ಆರ್.ಪುರ, ಕೊಪ್ಪ, ಶೃಂಗೇರಿ ಭಾಗದ ಹಳ್ಳಿಗಳಿಗೆ ಇದು ಹೊಸ ಮಾತಲ್ಲ. ಮಾರಲು ಹೊರಟ ಕೂಡಲೇ ಅನೇಕರು ಪೇಂಟರ್‌ಗೆ ಫೋನ್ ಮಾಡುತ್ತಾರೆ. ಮಲೆನಾಡಿನ ಮನೆಗೆ ಅದು ಕಡೆಯ ಕೆಲಸ ಆಗಬೇಕು.

ಕಾರಣ ಮಳೆ. ಬೇಸಿಗೆಯಲ್ಲಿ ತೇವದ ಗೋಡೆಗೆ ಬಣ್ಣ ಬಳಿದು ತೋರಿಸಿ ಅಡ್ವಾನ್ಸ್ ತಗೊಂಡರೆ, ಜುಲೈನಲ್ಲಿ ಅದೇ ಗೋಡೆ ಉಬ್ಬಿ ಬೂಷ್ಟು ಹಿಡಿಯುತ್ತದೆ. ನೋಂದಣಿಗೆ ಮುಂಚೆ ಕೊಳ್ಳುವವರು ಇನ್ನೊಮ್ಮೆ ಬಂದು ನೋಡಿದರೆ ವ್ಯಾಪಾರ ಮುರಿಯುತ್ತದೆ. ಅಡ್ವಾನ್ಸ್ ಹಣ ಅಷ್ಟರಲ್ಲಿ ಸಾಲಕ್ಕೋ, ಮದುವೆಗೋ ಖರ್ಚಾಗಿದ್ದರೆ ವಾಪಸ್ ಕೊಡೋದು ಎಲ್ಲಿಂದ?

ಕಾನೂನು ಏನು ಹೇಳುತ್ತೆ?

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯವಾಗಿ ಪರಿಶೀಲಿಸಿದರೂ ಕಾಣಿಸದ ಮುಖ್ಯ ದೋಷವನ್ನು ಮಾರುವವರೇ ಹೇಳಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ ಇದು ಅವರ ಕರ್ತವ್ಯ. ಗೋಡೆ ಬಿರುಕು ಎಲ್ಲರಿಗೂ ಕಾಣುತ್ತದೆ. ಮಾರ್ಚ್‌ನಲ್ಲಿ ಬಾವಿ ಬತ್ತೋದು, ಹಿಂದಿನ ವರ್ಷ ಮನೆ ಹಿಂದಿನ ಧರೆ ಕುಸಿದಿದ್ದು ಒಂದು ಭೇಟಿಯಲ್ಲಿ ಕಾಣಲ್ಲ. ಅಂಥದ್ದನ್ನು ಮೊದಲೇ ಹೇಳಿ, ರೇಟಿನಲ್ಲಿ ಹೊಂದಿಸಿಕೊಳ್ಳೋದು ಇಬ್ಬರಿಗೂ ಕ್ಷೇಮ.

ಮೇಲಿಂದ ಕೆಳಗೆ ನೋಡಿ

ಮೊದಲು ಮಾಡು. ಒಡೆದ ಹೆಂಚು ಬದಲಿಸಿ, ಸರಿದಿದ್ದನ್ನು ಕೈಯಾಡಿಸಿ. ಪಕಾಸು, ರೀಪಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಒರಲೆ ತಿಂದಿದೆ ಅಥವಾ ಮರ ಕೊಳೆತಿದೆ ಎಂದರ್ಥ. ಆಮೇಲೆ ಗೋಡೆ. ತೇವ ಮೇಲಿಂದ ಇಳಿದಿದ್ದರೆ ಮಾಡಿನ ತಪ್ಪು. ನೆಲದಿಂದ ಏರಿದ್ದರೆ ಅಂಗಳದ ನೀರು ಪಾಯದ ಹತ್ತಿರ ನಿಲ್ಲುತ್ತಿರಬಹುದು. ಚರಂಡಿ ಬಿಡಿಸೋದು ಬಣ್ಣಕ್ಕಿಂತ ಅಗ್ಗ. ಕೊನೆಗೆ ಹಳೆ ವೈರಿಂಗ್, ಬಚ್ಚಲಿನ ಪೈಪು, ಪಂಪ್. ರಿಪೇರಿ ಮುಗಿದು ಗೋಡೆ ಒಣಗಿದ ಮೇಲೆ ಬಣ್ಣ ಬಳಿಯಿರಿ.

ಕಾಗದ ಸರಿ ಇದೆಯಾ?

ಮನೆ ನೋಡಿ ಮೆಚ್ಚಿದವರು ಮರುದಿನ ಕೇಳೋದು ಕಾಗದ. ಮನೆ ಪಂಚಾಯಿತಿ ಲೆಕ್ಕದಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದೆಯೋ, ಬರೀ 11ಬಿ ಇದೆಯೋ ನೋಡಿಕೊಳ್ಳಿ. ಎರಡೂ ಒಂದೇ ಅಲ್ಲ. ಬ್ಯಾಂಕ್ ಸಾಲ ಮಾಡಿ ಕೊಳ್ಳುವವರಿಗೆ ಈ ವ್ಯತ್ಯಾಸ ದೊಡ್ಡದು. ಮನೆ ತೋಟದ ಸರ್ವೆ ನಂಬರಿನಲ್ಲೇ ಇದ್ದು ಭೂಪರಿವರ್ತನೆ ಆಗಿಲ್ಲದಿದ್ದರೆ ಪಹಣಿ, ಮ್ಯುಟೇಶನ್, ಸರ್ವೆ ನಕ್ಷೆ ಮುಖ್ಯ. ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ (ಇ.ಸಿ.) ತೆಗೆಸಿ. ತೀರಿದ ಸೊಸೈಟಿ ಸಾಲ ಪಹಣಿಯಲ್ಲಿ ಇನ್ನೂ ಹಾಗೇ ಇದ್ದರೆ ಮೊದಲು ತೆಗೆಸಿ. ಕಂದಾಯ ರಸೀದಿ, ಮೆಸ್ಕಾಂ ಬಿಲ್ ಒಂದೇ ಫೈಲಿನಲ್ಲಿರಲಿ.

ಇನ್ನೆರಡು ಕಡೆ ಎಚ್ಚರ ಬೇಕು. ಪಿತ್ರಾರ್ಜಿತ ಮನೆಯಾದರೆ, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲು. ಮದುವೆಯಾಗಿ ಹೋದ ಅಕ್ಕ, ತಂಗಿಯರ ಜತೆ ಮಾತಾಡದೆ ಅಡ್ವಾನ್ಸ್ ತಗೋಬೇಡಿ. ಸರ್ಕಾರ ಮಂಜೂರು ಮಾಡಿದ ಜಾಗವಾದರೆ ಹಕ್ಕುಪತ್ರದಲ್ಲಿ ಪರಭಾರೆ ಬಗ್ಗೆ ಏನು ಷರತ್ತಿದೆ ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ.

ನೋಡಲು ಬರುವ ದಿನ

ಕೊಳ್ಳುವವರು ಬರುವ ಹಿಂದಿನ ದಿನ ಅಂಗಳದ ಪಾಚಿ ತಿಕ್ಕಿ. ಅಟ್ಟ ಖಾಲಿ ಮಾಡಿ. ಸಾಮಾನು ತುಂಬಿದ್ದರೆ ಮಾಡಿನ ಒಳಭಾಗ ಕಾಣಲ್ಲ, ಏನೋ ಮುಚ್ಚಿಟ್ಟಿದ್ದಾರೆ ಅನ್ನೋ ಅನುಮಾನ ಬರುತ್ತದೆ. ಕಿಟಕಿ ತೆಗೆದಿಟ್ಟು ಮುಗ್ಗಲು ವಾಸನೆ ಹೋಗಲು ಬಿಡಿ. ಗಡಿ ಕಲ್ಲು, ದಾರಿ, ಬಾವಿ ನೀವೇ ನಡೆದು ತೋರಿಸಿ. ದಾರಿ ಪಕ್ಕದವರ ಜಾಗದಲ್ಲಿ ಹೋಗುತ್ತಿದ್ದರೆ ಅದನ್ನೂ ಹೇಳಿ. ‘ಮಳೆಗಾಲದಲ್ಲೂ ಒಮ್ಮೆ ಬಂದು ನೋಡಿ’ ಅಂತ ಕರೆದರೆ ನಂಬಿಕೆ ತಾನಾಗೇ ಬೆಳೆಯುತ್ತದೆ.

ಹಣ ಚೆಕ್ಕು, ಬ್ಯಾಂಕಲ್ಲಿ ಇರಲಿ

ಸ್ಥಿರಾಸ್ತಿ ವ್ಯಾಪಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಅಡ್ವಾನ್ಸ್ ತಗೊಳ್ಳೋದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿದೆ. ಸಿಕ್ಕಿಬಿದ್ದರೆ ತಗೊಂಡಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ತಗೊಂಡವರಿಗೆ. ಅಡ್ವಾನ್ಸ್ ಎಷ್ಟು, ನೋಂದಣಿ ಯಾವಾಗ, ವ್ಯಾಪಾರ ಮುರಿದರೆ ಯಾರು ಎಷ್ಟು ವಾಪಸ್ ಕೊಡಬೇಕು ಅನ್ನೋದು ಕರಾರು ಪತ್ರದಲ್ಲಿ ಬರೆದಿರಲಿ. ಹೇಳಿದ ದೋಷಗಳನ್ನೂ ಅದರಲ್ಲೇ ಸೇರಿಸಿ. ಮಾಡು ಸೋರುತ್ತೆ ಅಂತ ಮೊದಲೇ ಬರೆದುಕೊಟ್ಟ ಮನೆಗೆ ಸ್ವಲ್ಪ ರೇಟು ಕಮ್ಮಿ ಬರಬಹುದು, ಆದರೆ ಅಡ್ವಾನ್ಸ್ ವಾಪಸ್ ಕೇಳಿಕೊಂಡು ಮಳೆಗಾಲದಲ್ಲಿ ಯಾರೂ ಬಾಗಿಲಿಗೆ ಬರಲ್ಲ.