ಅಜ್ಜಿಯ ಪದ, ಲ್ಯಾಪ್‌ಟಾಪಿನ ಡ್ರೈವರ್

ಹಬ್ಬಕ್ಕೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಊರಿಗೆ ಹೋದಾಗ ಅಜ್ಜಿಯ ಸೋಬಾನೆ ಪದವನ್ನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡ್ಬೇಕು ಅಂತಿದ್ದೀರಾ? ಮೊದಲು ಸೌಂಡ್ ಕಾರ್ಡ್ ಡ್ರೈವರ್ ಬಗ್ಗೆ ತಿಳ್ಕೊಳ್ಳಿ.

ಮೈಕಿನ ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆಯೋದು ಕಾರ್ಡು. ಆ ಲೆಕ್ಕವನ್ನು ವಿಂಡೋಸ್‌ಗೆ ತಲುಪಿಸೋದು ಡ್ರೈವರ್. ಅದರ ಜೊತೆಗೆ ಗದ್ದಲ ತಗ್ಗಿಸುವ ಸೌಲಭ್ಯವೂ ಬರುವುದುಂಟು. ಆಫೀಸ್ ಮೀಟಿಂಗಿಗೆ ಅದು ಚೆನ್ನ. ಆದರೆ ಅದು ಮಾತಿಗಾಗಿ ಮಾಡಿದ್ದು. ಎಳೆದು ಹಾಡಿದ ಸ್ವರವನ್ನೂ ಫ್ಯಾನಿನ ಸದ್ದು ಅಂದ್ಕೊಂಡು ಕತ್ತರಿಸಬಹುದು. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಮೈಕ್ ಆರಿಸಿ, ‘ಆಡಿಯೋ ಎನ್‌ಹಾನ್ಸ್‌ಮೆಂಟ್ಸ್’ ಆಫ್ ಮಾಡಿ. ಫ್ಯಾನನ್ನೂ ಆಫ್ ಮಾಡಿ.

ಡ್ರೈವರ್ ಅಪ್‌ಡೇಟ್ ಮಾಡಿದ್ರೆ ಮುಂದಿನ ರೆಕಾರ್ಡಿಂಗ್ ಸುಧಾರಿಸಬಹುದು. ಕಳೆದುಹೋದ ಸಾಲು ವಾಪಸ್ ಬರಲ್ಲ. ಒಂದು ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನಿನಲ್ಲಿ ಕೇಳಿ. ಆಮೇಲೆ ಅಜ್ಜಿಗೆ ಹಾಡೋಕೆ ಹೇಳಿ.