ವೇಲಾ ಪಲ್ಸಾರಿನ ಬೆಳಕು ಹುಟ್ಟುವುದೆಲ್ಲಿ?

ಪಲ್ಸಾರ್ ಎಂದರೇನು ಎಂದರೆ ಲೈಟ್‌ಹೌಸ್ ತೋರಿಸುವುದು ರೂಢಿ: ದೀಪ ತಿರುಗುತ್ತದೆ, ಕಿರಣ ನಮ್ಮ ಕಡೆ ಬಂದಾಗಲೆಲ್ಲ ಒಂದು ಮಿನುಗು. ಉದಾಹರಣೆ ಸುಳ್ಳಲ್ಲ. ಆದರೆ ಲೈಟ್‌ಹೌಸಿನಲ್ಲಿ ದೀಪ ಎಲ್ಲಿದೆಯೆಂದು ಮಕ್ಕಳೂ ಹೇಳುತ್ತಾರೆ. ಪಲ್ಸಾರಿನಲ್ಲಿ ತಕರಾರಿರುವುದೇ ಅಲ್ಲಿ. ಕೇಂಬ್ರಿಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ 1967ರಲ್ಲಿ ಮೊದಲ ಪಲ್ಸಾರನ್ನು ಗುರುತಿಸಿದ ಮೇಲೆ ಹುಟ್ಟಿದ ಆ ತಕರಾರು ಇನ್ನೂ ಮುಗಿದಿಲ್ಲ.

ವೇಲಾ ಪಲ್ಸಾರನ್ನೇ ನೋಡಿ. ಸುಮಾರು 1,000 ಜ್ಯೋತಿರ್ವರ್ಷ ದೂರದ ನ್ಯೂಟ್ರಾನ್ ನಕ್ಷತ್ರ. ಅಡ್ಡಳತೆ ಒಂದು ಊರಿನಷ್ಟು, ದ್ರವ್ಯ ಸೂರ್ಯನಿಗಿಂತ ಹೆಚ್ಚು. ಸೆಕೆಂಡಿಗೆ 11 ಸುತ್ತು. 1969ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಿಂದ ವಿ. ರಾಧಾಕೃಷ್ಣನ್ ಮತ್ತು ಕುಕ್ ಇದರ ರೇಡಿಯೋ ಮಿಡಿತವನ್ನು ಪರೀಕ್ಷಿಸಿದರು. ಪ್ರತಿ ಮಿಡಿತದೊಳಗೆ ಅಲೆಗಳ ಕಂಪನದ ದಿಕ್ಕು, ಅಂದರೆ ಧ್ರುವೀಕರಣದ ಕೋನ, ನಯವಾಗಿ ಹೊರಳುತ್ತಿತ್ತು. ಕಾಂತಧ್ರುವದಿಂದ ಬಿಚ್ಚಿಕೊಳ್ಳುವ ಬಲರೇಖೆಗಳು ನಮ್ಮೆದುರು ಹಾದುಹೋದರೆ ಹೀಗೇ ಆಗಬೇಕು. ರೇಡಿಯೋ ಅಲೆಗಳು ಧ್ರುವದ ಬಳಿ ಹುಟ್ಟುತ್ತವೆ ಎಂಬ ನಂಬಿಕೆಗೆ ಇಂದಿಗೂ ಆಧಾರ ಅದೇ. ಸರ್ ಸಿ.ವಿ. ರಾಮನ್ ಅವರ ಮಗನಾದ ಇದೇ ರಾಧಾಕೃಷ್ಣನ್ ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು.

ಗಾಮಾ ಕಿರಣಗಳದು ಬೇರೆಯೇ ಕಥೆ. ಅವು ನಕ್ಷತ್ರದ ಮೈಗೆ ಹತ್ತಿರದಲ್ಲಿ ಹುಟ್ಟಿದ್ದರೆ ಅಲ್ಲಿಯ ಭೀಕರ ಕಾಂತಕ್ಷೇತ್ರ ಹೆಚ್ಚು ಶಕ್ತಿಯವನ್ನು ನುಂಗಿ, ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಗಳಾಗಿ ಒಡೆಯಬೇಕು. ಒಂದು ಶಕ್ತಿಯ ಮಟ್ಟ ದಾಟಿದೊಡನೆ ಕಿರಣಗಳು ಕತ್ತರಿಸಿದಂತೆ ನಿಲ್ಲಬೇಕು. 2008ರಲ್ಲಿ ಹಾರಿದ ಫರ್ಮಿ ಉಪಗ್ರಹ ಕಂಡದ್ದು ಮೆಲ್ಲನೆ ಇಳಿಯುವ ರೇಖೆಯನ್ನು. ಅಂದಮೇಲೆ ಅವು ಬಹಳ ಮೇಲಿನಿಂದ ಬರುತ್ತಿವೆ.

ಮೇಲೆ ಎಂದರೆ ಎಷ್ಟು? ಕಾಂತಕ್ಷೇತ್ರ ನಕ್ಷತ್ರದ ಜತೆಗೇ ತಿರುಗುತ್ತದೆ, ಅಕ್ಷದಿಂದ ದೂರ ಹೋದಷ್ಟೂ ವೇಗ ಹೆಚ್ಚು. ವೇಲಾದಲ್ಲಿ ಸುಮಾರು 4,300 ಕಿ.ಮೀ. ಆಚೆ ಆ ವೇಗ ಬೆಳಕಿನದನ್ನು ಮೀರಬೇಕಾಗುತ್ತದೆ. ಅದು ಸಾಧ್ಯವಿಲ್ಲದ್ದರಿಂದ ಬಲರೇಖೆಗಳು ಅಲ್ಲಿ ಸುತ್ತುವುದನ್ನು ಬಿಟ್ಟು ಹೊರಕ್ಕೆ ಹರಡುತ್ತವೆ. ನನ್ನ ಮಟ್ಟಿಗೆ ಪಲ್ಸಾರಿನ ನಿಜವಾದ ಸ್ವಾರಸ್ಯ ಈ ಗಡಿಯಲ್ಲಿದೆ, ಎಲ್ಲರೂ ಬೆರಗಾಗುವ ಅದರ ಸಾಂದ್ರತೆಯಲ್ಲಲ್ಲ.

2023ರಲ್ಲಿ ನಮೀಬಿಯಾದ ಹೆಸ್ ದೂರದರ್ಶಕ ತಂಡ ಪ್ರಕಟಿಸಿದ ಫಲಿತಾಂಶ ಈ ಗಡಿಯತ್ತಲೇ ಬೊಟ್ಟುಮಾಡುತ್ತದೆ. ಗಾಮಾ ಕಿರಣ ನಮ್ಮ ವಾಯುಮಂಡಲಕ್ಕೆ ಬಡಿದಾಗ ಕಣಗಳ ಸುರಿಮಳೆಯಾಗಿ, ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲಿನಷ್ಟು ಹೊತ್ತು ನೀಲಿ ಬೆಳಕು ಮಿಂಚುತ್ತದೆ. ಹೆಸ್ ಹಿಡಿಯುವುದು ಅದನ್ನು. ವೇಲಾದಿಂದ ಅದಕ್ಕೆ ಸಿಕ್ಕ ಕಿರಣಗಳಲ್ಲಿ ಕೆಲವಕ್ಕೆ 20 ಟೆರಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿ, ಅಂದರೆ ಕಣ್ಣಿಗೆ ಕಾಣುವ ಬೆಳಕಿನ ಸುಮಾರು ಹತ್ತು ಲಕ್ಷ ಕೋಟಿ ಪಟ್ಟು. ಅವೂ 89 ಮಿಲಿಸೆಕೆಂಡಿನ ತಾಳ ತಪ್ಪಿರಲಿಲ್ಲ. ಗಡಿಯ ಬಳಿ ಅಥವಾ ಅದರಾಚೆ ವೇಗ ಪಡೆದ ಎಲೆಕ್ಟ್ರಾನುಗಳು ಸಾಮಾನ್ಯ ಬೆಳಕಿನ ಕಣಗಳಿಗೆ ಡಿಕ್ಕಿ ಹೊಡೆದು ತಮ್ಮ ಶಕ್ತಿಯನ್ನು ದಾಟಿಸಿರಬೇಕು ಎಂಬುದು ಈಗಿನ ಊಹೆ. ಎಲೆಕ್ಟ್ರಾನುಗಳಿಗೆ ಅಷ್ಟು ವೇಗ ಬಂದದ್ದು ಹೇಗೆ ಎನ್ನುವಲ್ಲಿ ಮಾದರಿಗಳು ತಡವರಿಸುತ್ತವೆ.

ಧ್ರುವೀಕರಣದ ಹಳೆಯ ಉಪಾಯ ಈಗ ಎಕ್ಸ್-ಕಿರಣಗಳಿಗೂ ಬಂದಿದೆ. ಏಡಿ ನೀಹಾರಿಕೆಯ ಪಲ್ಸಾರಿನಲ್ಲಿ ಧ್ರುವೀಕರಣ ಅತಿ ಹೆಚ್ಚು ಏರುಪೇರಾಗುವುದು ಮಿಡಿತಗಳಿಲ್ಲದ ಬಿಡುವಿನಲ್ಲಿ ಎಂದು ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹ 2017ರಲ್ಲಿ ತೋರಿಸಿತು. ಅದಕ್ಕೆ ಒಗ್ಗುವ ಮಾದರಿ ಹುಡುಕುವುದೇ ಕಷ್ಟವಾಯಿತು. 2024ರ ಜನವರಿ 1ರಂದು ಹಾರಿದ ಉಪಗ್ರಹ ಎಕ್ಸ್‌ಪೋಸ್ಯಾಟ್‌ನಲ್ಲಿರುವ ಇದೇ ಧ್ರುವೀಕರಣವನ್ನು ಅಳೆಯುವ ಪೋಲಿಕ್ಸ್ ಉಪಕರಣ ರಾಮನ್ ಸಂಶೋಧನಾ ಸಂಸ್ಥೆಯಲ್ಲೇ ತಯಾರಾದದ್ದು, ಅದು ಮೊದಲು ಕಣ್ಣಿಟ್ಟದ್ದೂ ಏಡಿಯ ಮೇಲೆಯೇ.